ಹತ್ತು ಜನ ಒಟ್ಟಿಗೆ ಹೊರಟರೆ: ನಮ್ಮೂರಲ್ಲಿ ಒಂದು ಸೈಕಲ್ ಮತ್ತು ನಡಿಗೆ ದಿನ



ಸಂಘದ ಸಭೆಗೆ ಯಾಕೆ ತಡ ಆಯ್ತು ಅಂತ ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ನಮಗೆ ಬಾಯಿಪಾಠ ಆಗಿದೆ. ‘ಬಸ್ಸು ಬರಲಿಲ್ಲ’ ಅನ್ನುತ್ತೀರಿ. ಇಲ್ಲದಿದ್ದರೆ ‘ಕರ್ಕೊಂಡು ಬರೋಕೆ ಮನೇಲಿ ಯಾರೂ ಇರಲಿಲ್ಲ’ ಅನ್ನುತ್ತೀರಿ. ಬ್ಯಾಂಕಿಗೆ ಕಂತು ಕಟ್ಟಲು ಹೋಗುವಾಗಲೂ ಇದೇ ಕಥೆ. ಗಂಡನಿಗೆ ಬಿಡುವಾಗಬೇಕು, ಮಗನ ಬೈಕು ಮನೆಗೆ ಬರಬೇಕು. ಸಾಲ, ಉಳಿತಾಯ, ಲೆಕ್ಕ ಪುಸ್ತಕ, ಮಕ್ಕಳ ಶಿಕ್ಷಣ ಇವುಗಳ ಬಗ್ಗೆ ನಾವು ವರ್ಷಗಟ್ಟಲೆ ಮಾತಾಡಿದ್ದೇವೆ. ಆದರೆ ‘ಮೂರು ಕಿಲೋಮೀಟರ್ ದೂರದ ಊರಿಗೆ ಯಾರನ್ನೂ ಕಾಯದೆ ನಾವೇ ಹೋಗಿ ಬರುವುದು ಹೇಗೆ?’ ಎಂಬ ಪ್ರಶ್ನೆಯನ್ನು ಸಭೆಯ ಮುಂದೆ ಇಟ್ಟದ್ದು ಕಡಿಮೆ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣ ಉಳಿಯಿತು. ಇದು ದೊಡ್ಡ ಅನುಕೂಲವೇ. ಆದರೆ ಬಸ್ಸು ಹಿಡಿಯಬೇಕಾದರೆ ಮೊದಲು ಬಸ್‌ಸ್ಟಾಪ್ ಮುಟ್ಟಬೇಕಲ್ಲ? ಒಳಊರಿನ ಮನೆಯಿಂದ ಮುಖ್ಯರಸ್ತೆಯವರೆಗಿನ ಆ ಎರಡು ಮೂರು ಕಿಲೋಮೀಟರ್ ಇವತ್ತಿಗೂ ಕಾಲಿನ ಮೇಲೇ ನಿಂತಿದೆ. ಕತ್ತಲಾದರೆ ಭಯ, ಮಳೆ ಬಂದರೆ ಕೆಸರು, ಕೈಯಲ್ಲಿ ಸಾಮಾನಿದ್ದರೆ ಇನ್ನೂ ಕಷ್ಟ. ಆಟೊ ಹತ್ತಿದರೆ ದುಡ್ಡು.

ಈ ಸಣ್ಣ ದೂರವನ್ನು ನಮ್ಮ ಕೈವಶ ಮಾಡಿಕೊಳ್ಳಲು ಎರಡು ಸಾಧನಗಳಿವೆ. ಒಂದು ನಮ್ಮ ಕಾಲು, ಇನ್ನೊಂದು ಸೈಕಲ್. ಎರಡಕ್ಕೂ ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ. ಆದರೂ ನಾವು ಯಾಕೆ ಬಳಸುವುದಿಲ್ಲ? ಒಂದು ಕಾರಣ ರಸ್ತೆ. ಅದಕ್ಕಿಂತ ದೊಡ್ಡ ಕಾರಣ ಸಂಕೋಚ. ‘ಜನ ಏನಂದಾರು?’ ಅನ್ನುವ ಮಾತು. ಈ ಸಂಕೋಚವನ್ನು ಒಬ್ಬಳೇ ಹೆಣ್ಣುಮಗಳು ಮೀರುವುದು ಬಹಳ ಕಷ್ಟ, ಊರಿನ ಮಹಿಳೆಯರು ಒಟ್ಟಾಗಿ ಮೀರುವುದು ಸುಲಭ. ಅದಕ್ಕೇ ‘ಸೈಕಲ್ ದಿನ’, ‘ನಡಿಗೆ ದಿನ’, ‘ಸೈಕಲ್ ಜಾಥಾ’ ಅಂತ ಊರೆಲ್ಲ ಸೇರಿ ಮಾಡುವ ಕಾರ್ಯಕ್ರಮಗಳು ಬೇಕಾಗುವುದು. ಇಂಥ ಒಂದು ದಿನದಿಂದ ಏನಾಗುತ್ತದೆ, ಅದನ್ನು ಮಾಡುವುದು ಹೇಗೆ, ಅದು ಒಂದೇ ದಿನದ ಮೆರವಣಿಗೆಯಾಗಿ ಮುಗಿದುಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಯೋಣ.

ಪುದುಕೋಟೆಯ ಮಹಿಳೆಯರು ಮಾಡಿ ತೋರಿಸಿದ್ದು

ಇದು ನಡೆದದ್ದು ದೂರದ ದೇಶದಲ್ಲಲ್ಲ, ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಪುದುಕೋಟೆ ಆಗ ದೇಶದ ಬಡ ಜಿಲ್ಲೆಗಳಲ್ಲಿ ಒಂದು. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಅದರ ಹೆಸರು ‘ಅರಿವೊಳಿ ಇಯಕ್ಕಂ’. ಅರಿವಿನ ಬೆಳಕಿನ ಚಳವಳಿ ಅಂತ ಅರ್ಥ. ಅಕ್ಷರ ಕಲಿಸಲು ಕಾರ್ಯಕರ್ತೆಯರು ಹಳ್ಳಿ ಹಳ್ಳಿಗೆ ಹೋಗಬೇಕಿತ್ತು. ಹೋಗುವುದು ಹೇಗೆ? ಬಸ್ಸು ಕಡಿಮೆ, ಮನೆಯಲ್ಲಿ ಸೈಕಲ್ ಇದ್ದರೂ ಅದು ಗಂಡಸರದು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್ ಎಂಬ ಮಹಿಳೆ. ಹೆಣ್ಣುಮಕ್ಕಳು ಸ್ವತಂತ್ರವಾಗಿ ಓಡಾಡುವುದೂ ಸಾಕ್ಷರತೆಯ ಒಂದು ಭಾಗ ಎಂದು ಅವರು ಭಾವಿಸಿದರು. ಅಕ್ಷರದ ಜೊತೆಗೆ ಸೈಕಲ್ ಕಲಿಸುವುದನ್ನೂ ಆಂದೋಲನದಲ್ಲಿ ಸೇರಿಸಿದರು. ಮಹಿಳೆಯರು ಸೈಕಲ್ ಕೊಳ್ಳಲು ಬ್ಯಾಂಕುಗಳು ಸಾಲ ಕೊಡುವಂತೆ ನೋಡಿಕೊಂಡರು.

ಮೊದಲು ಕಲಿತವರು ಕಾರ್ಯಕರ್ತೆಯರು. ಅವರು ಸೈಕಲ್ ಮೇಲೆ ಬರುವುದನ್ನು ನೋಡಿ, ಹೊಸದಾಗಿ ಅಕ್ಷರ ಕಲಿತವರೂ ‘ನಮಗೂ ಕಲಿಸಿ’ ಅಂತ ಬಂದರು. ಊರೂರಲ್ಲಿ ಸೈಕಲ್ ತರಬೇತಿ ಶಿಬಿರಗಳಾದವು. ಕಲಿಯಲು ಬರುವವರು ಹಬ್ಬಕ್ಕೆ ಬಂದ ಹಾಗೆ ಒಳ್ಳೆಯ ಬಟ್ಟೆ ಉಟ್ಟು ಬರುತ್ತಿದ್ದರಂತೆ. ಸೈಕಲ್ ಬಗ್ಗೆ ಹಾಡುಗಳೂ ಹುಟ್ಟಿಕೊಂಡವು. 1992ರ ಅಂತರರಾಷ್ಟ್ರೀಯ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಮಹಿಳೆಯರು ಹ್ಯಾಂಡಲ್‌ಗೆ ಬಾವುಟ ಕಟ್ಟಿಕೊಂಡು, ಬೆಲ್ ಬಾರಿಸುತ್ತಾ ಪುದುಕೋಟೆ ಪಟ್ಟಣದ ತುಂಬಾ ಸೈಕಲ್ ಓಡಿಸಿದರು. ಪಟ್ಟಣದ ಜನ ಬೆರಗಾಗಿ ನೋಡಿದರು.

ಈ ಆಂದೋಲನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿಯ ಮಹಿಳೆಯರು ಸೈಕಲ್ ಕಲಿತರು. ಹತ್ತು ವರ್ಷದೊಳಗಿನ ಹುಡುಗಿಯರನ್ನು ಬಿಟ್ಟು ಲೆಕ್ಕ ಹಾಕಿದರೆ, ಜಿಲ್ಲೆಯ ಗ್ರಾಮೀಣ ಮಹಿಳೆಯರಲ್ಲಿ ಕಾಲುಭಾಗಕ್ಕಿಂತ ಹೆಚ್ಚು. ಅವರಲ್ಲಿ 70,000ಕ್ಕೂ ಹೆಚ್ಚು ಜನ ಸಾರ್ವಜನಿಕ ಪ್ರದರ್ಶನ ಮತ್ತು ಸ್ಪರ್ಧೆಗಳಲ್ಲಿ ಎಲ್ಲರ ಮುಂದೆ ಸೈಕಲ್ ಓಡಿಸಿ ತೋರಿಸಿದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನೆಲ್ಲ ಕಣ್ಣಾರೆ ಕಂಡು ಬರೆದಿದ್ದಾರೆ. 1996ರಲ್ಲಿ ಬಂದ ಅವರ ಆ ಪುಸ್ತಕ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿದೆ.

ಯಾರು ಈ ಮಹಿಳೆಯರು? ಕೂಲಿ ಮಾಡುವವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿ ಕಾರ್ಯಕರ್ತೆಯರು, ನರ್ಸುಗಳು, ಶಾಲಾ ಶಿಕ್ಷಕಿಯರು, ಬಿಸಿಯೂಟದ ಕೆಲಸಗಾರರು. ನಿಮ್ಮಂಥವರೇ. ಮನೆಯಿಂದ ಹೊರಬರುವುದಕ್ಕೇ ಕಟ್ಟುಪಾಡು ಇದ್ದ ಮುಸ್ಲಿಂ ಕುಟುಂಬಗಳ ಯುವತಿಯರೂ ಅವರಲ್ಲಿದ್ದರು. ಸೈಕಲ್ ಕೊಳ್ಳಲಾಗದ ಒಬ್ಬ ಶಿಕ್ಷಕಿ ದಿನಾ ಸಂಜೆ ಅರ್ಧ ಗಂಟೆ ಬಾಡಿಗೆ ಸೈಕಲ್ ತೆಗೆದುಕೊಂಡು ಓಡಿಸುತ್ತಿದ್ದರು. ಕೊಂಕು ಮಾತು ಆಡಿದವರು ಇರಲಿಲ್ಲವೇ? ಇದ್ದರು. ಕೆಟ್ಟದಾಗಿ ಮಾತಾಡಿದವರೂ ಇದ್ದರು. ಮಹಿಳೆಯರು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ವಿಷಯ ನಮಗೆ ಬಹಳ ಹಿಡಿಸಿತು. ಲೇಡೀಸ್ ಸೈಕಲ್‌ಗಳಿಗೆ ಅಲ್ಲಿ ಎಷ್ಟು ಬೇಡಿಕೆ ಬಂತೆಂದರೆ ಅಂಗಡಿಗಳಲ್ಲಿ ಸಿಗದಂತಾಯಿತು. ಮಹಿಳೆಯರು ‘ಸಿಕ್ಕಿದಾಗ ಕಲಿಯೋಣ’ ಅಂತ ಸುಮ್ಮನೆ ಕೂರಲಿಲ್ಲ, ಗಂಡಸರ ಸೈಕಲನ್ನೇ ಓಡಿಸಿದರು. ಆಮೇಲೆ ಲೇಡೀಸ್ ಸೈಕಲ್‌ಗಿಂತ ಅದೇ ವಾಸಿ ಅಂತ ಕೆಲವರಿಗೆ ಅನ್ನಿಸಿತು. ಯಾಕೆ? ಸೀಟಿನಿಂದ ಹ್ಯಾಂಡಲ್‌ವರೆಗೆ ಇರುವ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು!

ಸೈಕಲ್‌ನಿಂದ ಮನೆಯ ಲೆಕ್ಕದಲ್ಲಿ ಏನು ಬದಲಾಯಿತು?

ಆ ಜಿಲ್ಲೆಯಲ್ಲಿ ತರಕಾರಿ ಮತ್ತಿತರ ವಸ್ತುಗಳನ್ನು ಹಳ್ಳಿಗಳಲ್ಲಿ ಮಾರುವ ಮಹಿಳೆಯರಿದ್ದರು. ಮೊದಲು ಅವರು ಬಸ್ಸಿಗೆ ಕಾಯಬೇಕು. ಬಸ್‌ಸ್ಟಾಪಿಗೆ ಹೋಗಲೂ ಅಪ್ಪ, ಅಣ್ಣ, ಗಂಡ ಅಥವಾ ಮಗನನ್ನು ಕೇಳಬೇಕು. ಎರಡು ಮೂರು ಊರು ಮುಗಿಸುವಷ್ಟರಲ್ಲಿ ಮಕ್ಕಳು, ನೀರು, ಅಡುಗೆ ಅಂತ ಓಡಿ ಮನೆಗೆ ಬರಬೇಕು. ಸೈಕಲ್ ಬಂದ ಮೇಲೆ ಕಾಯುವ ಸಮಯ ಉಳಿಯಿತು, ಮಾರುವ ಸಮಯ ಹೆಚ್ಚಾಯಿತು. ಹೆಚ್ಚು ಊರುಗಳಿಗೆ ಹೋಗಲು ಆಯಿತು. ಸ್ವಲ್ಪ ಬಿಡುವೂ ಸಿಕ್ಕಿತು.

ನಮ್ಮ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಮನೆಯಿಂದ ಕೆಲಸದ ಜಾಗಕ್ಕೆ ಮೂರು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ನಡೆದರೆ ಸುಮಾರು 40 ನಿಮಿಷ. ಸೈಕಲ್‌ನಲ್ಲಿ ನಿಧಾನವಾಗಿ ಹೋದರೂ 15 ನಿಮಿಷ. ಹೋಗಿ ಬರುವುದರಲ್ಲಿ ದಿನಕ್ಕೆ 50 ನಿಮಿಷ ಉಳಿಯುತ್ತದೆ. ತಿಂಗಳಿಗೆ 25 ದಿನ ಕೆಲಸವಾದರೆ 20 ಗಂಟೆಗಿಂತ ಹೆಚ್ಚು. ಅದೇ ದಾರಿಗೆ ದಿನಕ್ಕೆ 20 ರೂಪಾಯಿ ಆಟೊಗೆ ಕೊಡುವವರಾದರೆ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ. ಇದು ನಿಮ್ಮ ಉಳಿತಾಯದ ಪುಸ್ತಕದಲ್ಲಿ ಕಾಣಬೇಕಾದ ಹಣ.

ಆರೋಗ್ಯದ ಲಾಭವೂ ಇದೆ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮೈಗೆ ಸಾಧಾರಣ ಶ್ರಮ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚುರುಕಾಗಿ ನಡೆಯುವುದು, ಸೈಕಲ್ ತುಳಿಯುವುದು ಎರಡೂ ಇದಕ್ಕೆ ಬರುತ್ತವೆ. ಹೊಲದಲ್ಲಿ ದುಡಿಯುವವರಿಗೆ ಈ ಮಾತು ಬೇಕಿಲ್ಲದಿರಬಹುದು. ಆದರೆ ಬೀಡಿ ಕಟ್ಟುವವರು, ಹೊಲಿಗೆ ಮಾಡುವವರು, ಅಂಗಡಿಯಲ್ಲಿ ಕೂರುವವರು ದಿನವಿಡೀ ಒಂದೇ ಕಡೆ ಕುಳಿತಿರುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಈಗ ಹಳ್ಳಿಗೂ ಬಂದಿವೆ. ದಿನಕ್ಕೆ ಅರ್ಧ ಗಂಟೆ ನಡೆಯುವುದು ಇವರಿಗೆ ದುಡ್ಡಿಲ್ಲದ ಔಷಧಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪುದುಕೋಟೆಯಲ್ಲಿ ಬಾರಿನ ಮೇಲೆ ಮಗು, ಕ್ಯಾರಿಯರ್‌ನಲ್ಲಿ ಸಾಮಾನು, ಹಿಂದೆ ಎರಡು ಮೂರು ಕೊಡ ನೀರು ಕಟ್ಟಿಕೊಂಡು ಹೋಗುವ ತಾಯಂದಿರೂ ಕಾಣುತ್ತಿದ್ದರು. ಇದು ಧೈರ್ಯ, ನಿಜ. ಆದರೆ ‘ಹೇಗೂ ಸೈಕಲ್ ಇದೆಯಲ್ಲ, ಇದನ್ನೂ ನೀನೇ ತಾ’ ಅಂತ ಎಲ್ಲ ಕೆಲಸವೂ ನಮ್ಮ ತಲೆಗೇ ಬಂದರೆ ಉಳಿದ ಸಮಯ ಎಲ್ಲಿ ಹೋಯಿತು? ಸೈಕಲ್ ಮನೆಗೆ ಬಂದಾಗ ಕೆಲಸ ಹಂಚಿಕೊಳ್ಳುವ ಮಾತೂ ಮನೆಯಲ್ಲಿ ಆಗಬೇಕು.

ಎಲ್ಲರೂ ಸೇರಿ ಮಾಡಿದರೆ ಏನು ವ್ಯತ್ಯಾಸ?

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ’ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಸಂಕೋಚಕ್ಕೂ ಈ ಮಾತು ಸಲ್ಲುತ್ತದೆ. ನಲವತ್ತು ವರ್ಷದ ಒಬ್ಬಾಕೆ ಒಂಟಿಯಾಗಿ ಸೈಕಲ್ ಕಲಿಯಲು ಹೊರಟರೆ ಊರಿನ ನಗೆ, ಮಾತು, ನೋಟ ಎಲ್ಲ ಅವಳೊಬ್ಬಳ ಮೇಲೆ. ಬಿದ್ದರೆ ಇನ್ನೂ ನಗೆ. ಅದೇ ನಲವತ್ತು ಜನ ಹೊರಟರೆ ಯಾರನ್ನು ನೋಡಿ ನಗುವುದು? ಆಗ ಸೈಕಲ್ ಓಡಿಸುವುದು ಒಬ್ಬಳ ಹಟ ಅನ್ನಿಸುವುದಿಲ್ಲ, ಊರಿನ ಕಾರ್ಯಕ್ರಮ ಆಗುತ್ತದೆ. ಮರುದಿನ ಅವರಲ್ಲಿ ಒಬ್ಬಾಕೆ ಒಬ್ಬಳೇ ಸೈಕಲ್‌ನಲ್ಲಿ ಹೊರಟರೂ ನೋಡಿದವರು ‘ಓ, ಅವತ್ತು ಜಾಥಾದಲ್ಲಿ ಬಂದವಳಲ್ವಾ’ ಅನ್ನುತ್ತಾರೆ.

ಇದೇ ಸಂಗತಿ ಬಿಹಾರದಲ್ಲೂ ಕಂಡಿತು. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಇದನ್ನು ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಹೆಚ್ಚಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡ 40ರಷ್ಟು ತಗ್ಗಿತ್ತು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಹೆಚ್ಚು ಲಾಭ. ಒಂದೇ ಊರಿನ ಹತ್ತಾರು ಹುಡುಗಿಯರು ಗುಂಪಾಗಿ ಹೋಗತೊಡಗಿದಾಗ ತಂದೆತಾಯಿಗಳ ಭಯವೂ ಕಡಿಮೆಯಾಗುತ್ತದೆ.

ನಮ್ಮ ಕರ್ನಾಟಕದಲ್ಲೂ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾಯಿತು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಆದರೆ ಆಗ ಬಂದ ಸೈಕಲ್‌ಗಳು ಎಲ್ಲಿವೆ? ಎಷ್ಟೋ ಮನೆಗಳ ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ, ಸೌದೆಯ ಪಕ್ಕದಲ್ಲಿ ಟೈರಿನಲ್ಲಿ ಗಾಳಿ ಇಲ್ಲದೆ ನಿಂತಿವೆ. ಮಗಳು ಕಾಲೇಜಿಗೆ ಹೋದಳು, ಮಗ ಬೈಕ್ ಹಿಡಿದ. ಆ ಸೈಕಲ್ ತಾಯಿಗೆ ಆಗಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಪಟ್ಟಣಗಳಲ್ಲಿ ಇದನ್ನು ಬೇರೆ ರೀತಿ ಮಾಡಿದ್ದಾರೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾದಲ್ಲಿ 1974ರಲ್ಲಿ ನಾಗರಿಕರು ಸೇರಿ ಮುಖ್ಯರಸ್ತೆಗಳಲ್ಲಿ ಕೆಲವು ಗಂಟೆ ವಾಹನ ನಿಲ್ಲಿಸಿ ಸೈಕಲ್ ಓಡಿಸಿದರು. ಅದು ಅಲ್ಲಿಗೇ ಮುಗಿಯಲಿಲ್ಲ. ಇಂದು ಪ್ರತಿ ಭಾನುವಾರ ಮತ್ತು ರಜಾದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರ್‌ಗೂ ಹೆಚ್ಚು ರಸ್ತೆ ನಡೆಯುವವರಿಗೆ, ಸೈಕಲ್ ಸವಾರರಿಗೆ, ಆಡುವ ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ಬಡವರು, ಶ್ರೀಮಂತರು ಒಂದೇ ರಸ್ತೆಯಲ್ಲಿ ಬರುತ್ತಾರೆ. ನಮ್ಮ ಬೆಂಗಳೂರಿನಲ್ಲೂ 2013ರ ಅಕ್ಟೋಬರ್‌ನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ನಾಗರಿಕ ಗುಂಪುಗಳು ಸೇರಿ ಕಬ್ಬನ್ ಪಾರ್ಕಿನಲ್ಲಿ ‘ಸೈಕಲ್ ದಿನ’ ಆರಂಭಿಸಿದರು. ಆಮೇಲೆ ಅದು ಬೇರೆ ಬೇರೆ ಬಡಾವಣೆಗಳಿಗೂ ಹೋಯಿತು.

ಪುದುಕೋಟೆ, ಬೊಗೊಟಾ ಎರಡರಿಂದ ಕಲಿಯಬೇಕಾದ ಪಾಠ ಇದು: ಪುದುಕೋಟೆಯಲ್ಲಿ ಮೆರವಣಿಗೆಗೆ ಮೊದಲೇ ತರಬೇತಿ ಇತ್ತು, ಕೈಗೆ ಸೈಕಲ್ ಸಿಗಲು ಸಾಲ ಇತ್ತು. ಬೊಗೊಟಾದಲ್ಲಿ ವಾರ ವಾರವೂ ಬರುವ ದಿನ ಇದೆ. ಕಲಿಕೆ, ಸೈಕಲ್, ಮತ್ತೆ ಮತ್ತೆ ಬರುವ ದಿನ – ಈ ಮೂರೂ ಇಲ್ಲದಿದ್ದರೆ ಜಾಥಾ ಅಂದರೆ ಒಂದು ಫೋಟೊ ಅಷ್ಟೇ.

ನಮ್ಮೂರಲ್ಲಿ ಮಾಡುವುದು ಹೇಗೆ?

ನಾಲ್ಕು ವಾರ ಸಮಯ ಇಟ್ಟುಕೊಳ್ಳಿ. ಮಾರ್ಚ್ 8ರ ಮಹಿಳಾ ದಿನಕ್ಕಾದರೂ ಸರಿ, ಜೂನ್ 3ಕ್ಕಾದರೂ ಸರಿ. ಜೂನ್ 3ನ್ನು ವಿಶ್ವಸಂಸ್ಥೆ 2018ರಲ್ಲಿ ವಿಶ್ವ ಸೈಕಲ್ ದಿನವೆಂದು ಘೋಷಿಸಿದೆ. ಮಳೆ ಜೋರಾಗಿರುವ ಕಡೆ ಮಾರ್ಚ್ ಒಳ್ಳೆಯದು.

1. ಮೊದಲ ವಾರ: ನಿರ್ಣಯ ಮತ್ತು ಲೆಕ್ಕ. ಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪಕ್ಕದ ಸಂಘಗಳನ್ನೂ ಸೇರಿಸಿಕೊಳ್ಳಿ. ಯಾರ ಮನೆಯಲ್ಲಿ ಸೈಕಲ್ ಇದೆ, ಓಡುವ ಸ್ಥಿತಿಯಲ್ಲಿ ಎಷ್ಟು, ಪಂಕ್ಚರ್ ಆಗಿ ಬಿದ್ದಿರುವುದು ಎಷ್ಟು ಅಂತ ಪಟ್ಟಿ ಮಾಡಿ. ಸೈಕಲ್ ಬರುವವರು ಯಾರು, ಕಲಿಯಬೇಕೆನ್ನುವವರು ಯಾರು ಅಂತಲೂ ಬರೆಯಿರಿ. ಸಣ್ಣವರಿದ್ದಾಗ ಅಣ್ಣನ ಸೈಕಲ್ ಕದ್ದು ಓಡಿಸಿ ಕಲಿತವರು ಪ್ರತಿ ಸಂಘದಲ್ಲೂ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರೇ ನಿಮ್ಮ ತರಬೇತುದಾರರು.

2. ಎರಡನೇ ವಾರ: ದಾರಿಯನ್ನು ನಡೆದು ನೋಡುವುದು. ಐದಾರು ಜನ ಪುಸ್ತಕ, ಪೆನ್ನು ಹಿಡಿದು ಊರಿಂದ ಶಾಲೆಗೆ, ಬಸ್‌ಸ್ಟಾಪಿಗೆ, ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ಕತ್ತಲಾದ ಮೇಲೆ. ಎಲ್ಲಿ ಬೀದಿದೀಪ ಇಲ್ಲ, ಎಲ್ಲಿ ಪೊದೆ ರಸ್ತೆಗೆ ಬಾಗಿದೆ, ಯಾವ ಮೋರಿಯ ಮೇಲಿನ ಕಲ್ಲು ಮುರಿದಿದೆ, ಎಲ್ಲಿ ಮಳೆನೀರು ನಿಲ್ಲುತ್ತದೆ, ಎಲ್ಲಿ ಕುಡುಕರ ಕಾಟ, ಎಲ್ಲಿ ರಸ್ತೆ ದಾಟಲು ಭಯ – ಎಲ್ಲ ಬರೆದುಕೊಳ್ಳಿ. ಒಬ್ಬ ಅಜ್ಜಿಯನ್ನೂ ಒಬ್ಬ ಗರ್ಭಿಣಿಯನ್ನೂ ಒಂದು ಮಗುವನ್ನೂ ಸ್ವಲ್ಪ ದೂರವಾದರೂ ಜೊತೆಗೆ ಕರೆದುಕೊಳ್ಳಿ. ನಮ್ಮ ಕಣ್ಣಿಗೆ ಬೀಳದ್ದು ಅವರ ಕಾಲಿಗೆ ಗೊತ್ತಾಗುತ್ತದೆ.

3. ಮೂರನೇ ವಾರ: ಕಲಿಕೆ. ಶಾಲೆಯ ಮೈದಾನ ಅಥವಾ ಕಣ ಒಳ್ಳೆಯದು. ಸಂಜೆ ಒಂದು ಗಂಟೆ ಸಾಕು. ಕಲಿಸುವ ಬಗೆಯನ್ನು ಕೆಳಗೆ ಹೇಳಿದ್ದೇವೆ. ಸೈಕಲ್ ಅಂಗಡಿಯವರನ್ನು ಒಂದು ಸಂಜೆ ಕರೆದು ಪಂಕ್ಚರ್ ಹಾಕುವುದು, ಚೈನ್ ಬಿದ್ದರೆ ಹಾಕುವುದು, ಬ್ರೇಕ್ ಬಿಗಿ ಮಾಡುವುದು ಇಷ್ಟನ್ನು ಕಲಿಯಿರಿ.

4. ನಾಲ್ಕನೇ ವಾರ: ಅನುಮತಿ ಮತ್ತು ವ್ಯವಸ್ಥೆ. ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ದಿನ, ಸಮಯ, ದಾರಿ ಬರೆದು ಪತ್ರ ಕೊಡಿ. ಅದರ ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಜಾಥಾ ಬೇಡ, ಒಳರಸ್ತೆಯೇ ಇರಲಿ. ಆಶಾ ಕಾರ್ಯಕರ್ತೆಯರನ್ನು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಸಮೇತ ಕರೆಯಿರಿ. ಕುಡಿಯುವ ನೀರು ಎಲ್ಲಿ, ನೆರಳು ಎಲ್ಲಿ ಅಂತ ಮೊದಲೇ ನೋಡಿಕೊಳ್ಳಿ.

ಆ ದಿನ ಬೆಳಿಗ್ಗೆ ಬೇಗ ಆರಂಭಿಸಿ ಬಿಸಿಲೇರುವ ಮೊದಲು ಮುಗಿಸಿ. ನಡೆಯುವವರಿಗೆ ಎರಡು ಕಿಲೋಮೀಟರ್, ಸೈಕಲ್ ಓಡಿಸುವವರಿಗೆ ನಾಲ್ಕೈದು ಕಿಲೋಮೀಟರ್ ಸಾಕು. ಮುಂದೆ ಇಬ್ಬರು, ಹಿಂದೆ ಇಬ್ಬರು ಅನುಭವಸ್ಥರು ಇರಲಿ. ನಿಧಾನವಾಗಿ ಬರುವವರ ವೇಗವೇ ಎಲ್ಲರ ವೇಗ. ಸ್ಪರ್ಧೆ ಬೇಕೆಂದರೆ ‘ನಿಧಾನ ಸೈಕಲ್’ ಸ್ಪರ್ಧೆ ಇಡಿ. ಕಾಲು ನೆಲಕ್ಕೆ ತಾಗಿಸದೆ ಕೊನೆಗೆ ಗೆರೆ ಮುಟ್ಟಿದವರು ಗೆದ್ದ ಹಾಗೆ. ಇದರಲ್ಲಿ ನಗುವೂ ಇದೆ, ಸಮತೋಲನದ ಅಭ್ಯಾಸವೂ ಇದೆ, ಬಿದ್ದರೆ ಪೆಟ್ಟೂ ಕಡಿಮೆ. ಸೈಕಲ್ ಓಡಿಸಲಾಗದವರು, ಅಂಗವಿಕಲರು, ವಯಸ್ಸಾದವರು ಬಾವುಟ ತೋರಿಸುವುದು, ಹಾಡುವುದು, ನೀರು ಕೊಡುವುದು, ಲೆಕ್ಕ ಬರೆಯುವುದು ಮಾಡಲಿ. ಯಾರೂ ಬರೀ ನೋಡುವವರಾಗಿ ನಿಲ್ಲಬಾರದು. ಗಂಡಸರನ್ನೂ ಕರೆಯಿರಿ. ಆ ದಿನ ಉಪ್ಪಿಟ್ಟು ಕಾಫಿ ಮಾಡುವ ಜವಾಬ್ದಾರಿ ಅವರಿಗೇ ಇರಲಿ!

ಮಲೆನಾಡು, ಕೊಡಗಿನಂಥ ಏರುತಗ್ಗಿನ ಊರುಗಳಲ್ಲಿ ಸೈಕಲ್ ತುಳಿಯುವುದು ಕಷ್ಟ. ಅಲ್ಲಿ ನಡಿಗೆ ದಿನವನ್ನೇ ದೊಡ್ಡದಾಗಿ ಮಾಡಿ.

ದೊಡ್ಡವರು ಸೈಕಲ್ ಕಲಿಯುವ ಬಗೆ

‘ಈ ವಯಸ್ಸಲ್ಲಿ ಸೈಕಲ್ಲಾ?’ ಅಂತ ನಗುವವರಿಗೆ ನಾವು ಹೇಳುವುದಿಷ್ಟೇ: ಬೀಳುವ ಭಯ ಹೋದರೆ ಉಳಿದದ್ದು ಸುಲಭ. ಭಯ ಹೋಗಬೇಕಾದರೆ ಕಾಲು ನೆಲಕ್ಕೆ ಸಿಗಬೇಕು.

ಸೀಟನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ. ಕುಳಿತಾಗ ಎರಡೂ ಪಾದ ನೆಲಕ್ಕೆ ತಾಗಬೇಕು. ಮೊದಲ ದಿನ ಪೆಡಲ್ ಮುಟ್ಟುವುದೇ ಬೇಡ. ಅಂಗಡಿಯವರಿಂದ ಪೆಡಲ್ ಬಿಚ್ಚಿಸಿದರೆ ಇನ್ನೂ ಒಳ್ಳೆಯದು. ಸೀಟಿನ ಮೇಲೆ ಕುಳಿತು ಕಾಲಿನಿಂದ ನೆಲವನ್ನು ದೂಡುತ್ತಾ ನಡೆದ ಹಾಗೆ ಮುಂದೆ ಹೋಗಿ. ಬ್ರೇಕ್ ಹಿಡಿದು ನಿಲ್ಲುವುದನ್ನು ಮೊದಲೇ ಕಲಿಯಿರಿ. ಆಮೇಲೆ ಸ್ವಲ್ಪ ಇಳಿಜಾರಿನಲ್ಲಿ ಕಾಲು ಎತ್ತಿ ಸೈಕಲ್ ತಾನಾಗಿ ಉರುಳಲು ಬಿಡಿ. ಹತ್ತು ಹೆಜ್ಜೆ ದೂರ ಬೀಳದೆ ಬಂದರೆ ಸಮತೋಲನ ಬಂತು ಅಂತ ಅರ್ಥ. ಆಗ ಪೆಡಲ್ ಹಾಕಿ. ನೋಟ ಮುಂದಿನ ಚಕ್ರದ ಮೇಲಲ್ಲ, ದೂರದ ದಾರಿಯ ಮೇಲಿರಲಿ. ನೋಡಿದ ಕಡೆಗೇ ಸೈಕಲ್ ಹೋಗುತ್ತದೆ.

ಹಿಂದಿನಿಂದ ಹಿಡಿದುಕೊಳ್ಳುವವರು ಹ್ಯಾಂಡಲ್ ಹಿಡಿಯಬಾರದು, ಸೀಟು ಅಥವಾ ಕ್ಯಾರಿಯರ್ ಹಿಡಿಯಬೇಕು. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಸ್ವಲ್ಪ ಎತ್ತಿ ಕಟ್ಟಿ. ಚೂಡಿದಾರ್‌ನ ವೇಲನ್ನು ಹಿಂದೆ ಗಂಟು ಹಾಕಿ. ಚೈನ್ ಕವರ್, ಹಿಂದಿನ ಚಕ್ರಕ್ಕೆ ಬಟ್ಟೆ ಸಿಗದಂಥ ಜಾಲರಿ ಇದೆಯೇ ನೋಡಿ. ಹೃದಯದ ತೊಂದರೆ, ಮಂಡಿನೋವು ಇರುವವರು ವೈದ್ಯರನ್ನು ಕೇಳಿ ಆರಂಭಿಸಿ. ಗರ್ಭಿಣಿಯರು ಈಗ ಕಲಿಯಲು ಹೊರಡುವುದು ಬೇಡ, ನಡಿಗೆಗೆ ಬನ್ನಿ.

ರಸ್ತೆಯ ನಿಯಮ ಎರಡು ಮಾತಿನಲ್ಲಿ: ಸೈಕಲ್ ಯಾವಾಗಲೂ ಎಡಬದಿಯಲ್ಲಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಬಲಬದಿಯಲ್ಲಿ ಹೋದರೆ ಎದುರಿಗೆ ಬರುವ ವಾಹನ ಕಾಣುತ್ತದೆ. ಸಂಜೆ ತಿಳಿ ಬಣ್ಣದ ಬಟ್ಟೆ ಹಾಕಿ, ಸೈಕಲ್ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ.

ಆ ದಿನ ಮುಗಿದ ಮೇಲೆ?

ನಿಜವಾದ ಕೆಲಸ ಇಲ್ಲಿಂದ ಶುರು. ನಾವು ನಾಲ್ಕು ಸಲಹೆ ಕೊಡುತ್ತೇವೆ.

ಒಂದು, ತಿಂಗಳಿಗೊಂದು ದಿನ ಗೊತ್ತುಮಾಡಿ. ಉದಾಹರಣೆಗೆ, ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಒಂದು ಗಂಟೆ. ದೊಡ್ಡ ವ್ಯವಸ್ಥೆ ಬೇಡ, ಬರುವವರು ಬರಲಿ. ಸಂಘದ ಸಭೆಗೇ ಆ ದಿನ ನಡೆದು ಅಥವಾ ಸೈಕಲ್‌ನಲ್ಲಿ ಬನ್ನಿ.

ಎರಡು, ಸೈಕಲ್‌ಗೆ ಆಂತರಿಕ ಸಾಲ ಕೊಡಿ. ಮದುವೆಗೆ, ಹಬ್ಬಕ್ಕೆ ಸಾಲ ಕೊಡುತ್ತೇವೆ. ದುಡಿಮೆಗೆ ಆಗುವ ಸೈಕಲ್‌ಗೆ ಕೊಡಬಾರದೇ? ಆಟೊಗೆ ಉಳಿಯುವ ಹಣದಲ್ಲೇ ಕಂತು ಕಟ್ಟಬಹುದು. ಹೊಸದೇ ಬೇಕೆಂದಿಲ್ಲ, ಹಿತ್ತಲಿನ ಸೈಕಲ್ ರಿಪೇರಿಗೂ ಸಾಲ ಕೊಡಬಹುದು. ಒಂದು ಷರತ್ತು ಇರಲಿ: ಸೈಕಲ್ ಸದಸ್ಯೆಯ ಹೆಸರಿನಲ್ಲಿ, ಸದಸ್ಯೆಯ ಬಳಕೆಗೆ.

ಮೂರು, ‘ನಡೆಯುವ ಬಸ್ಸು’ ಆರಂಭಿಸಿ. ಇದು ಎಷ್ಟೋ ದೇಶಗಳಲ್ಲಿ ನಡೆದುಬಂದಿರುವ ಪದ್ಧತಿ. ಶಾಲೆಗೆ ನಡೆದು ಹೋಗುವ ಮಕ್ಕಳನ್ನು ದಿನಕ್ಕೆ ಇಬ್ಬರು ತಾಯಂದಿರು ಗುಂಪಾಗಿ ಕರೆದುಕೊಂಡು ಹೋಗುತ್ತಾರೆ. ದಾರಿ ಗೊತ್ತು, ಸಮಯ ಗೊತ್ತು, ಬಸ್ಸು ನಿಲ್ಲುವ ಹಾಗೆ ಗೊತ್ತಾದ ಜಾಗಗಳಲ್ಲಿ ಮಕ್ಕಳು ಬಂದು ಸೇರುತ್ತಾರೆ. ಹನ್ನೆರಡು ತಾಯಂದಿರು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದೇ ದಿನ. ಆರನೇ ಏಳನೇ ತರಗತಿಯ ನಂತರ ‘ದಾರಿ ಸರಿಯಿಲ್ಲ’ ಅಂತ ಶಾಲೆ ಬಿಡಿಸುವ ಹೆಣ್ಣುಮಕ್ಕಳಿಗೆ ಇದೇ ರಕ್ಷೆ.

ನಾಲ್ಕು, ಎರಡನೇ ವಾರ ಬರೆದ ಪಟ್ಟಿಯನ್ನು ಮರೆಯಬೇಡಿ. ಅದನ್ನು ವಾರ್ಡ್ ಸಭೆಯಲ್ಲಿ, ಗ್ರಾಮ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಸೇರಿಸಿ ಅಂತ ಕೇಳಿ. ಊರೊಳಗಿನ ಬೀದಿದೀಪ, ರಸ್ತೆ, ಮೋರಿ ಗ್ರಾಮ ಪಂಚಾಯಿತಿಯ ಕೆಲಸ. ದೊಡ್ಡ ರಸ್ತೆ ಬೇರೆ ಇಲಾಖೆಯದಾದರೆ ಪಂಚಾಯಿತಿಯಿಂದಲೇ ಆ ಇಲಾಖೆಗೆ ಪತ್ರ ಹೋಗಲಿ. ‘ಮಹಿಳೆಯರಿಗೆ ಸುರಕ್ಷಿತ ರಸ್ತೆ ಬೇಕು’ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ‘ಅಂಗನವಾಡಿಯಿಂದ ಬಸ್‌ಸ್ಟಾಪಿನವರೆಗೆ ಐದು ಕಂಬದಲ್ಲಿ ದೀಪ ಇಲ್ಲ, ಇದು ಕಂಬಗಳ ಪಟ್ಟಿ’ ಅಂದರೆ ಉತ್ತರ ಕೊಡಲೇಬೇಕಾಗುತ್ತದೆ.

‘ಈಗ ಸ್ಕೂಟಿ ಕಾಲ, ಸೈಕಲ್ ಯಾರಿಗೆ ಬೇಕು?’ ಅನ್ನುವವರಿದ್ದಾರೆ. ಸ್ಕೂಟಿ ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ, ಸಂತೋಷ. ಪುದುಕೋಟೆಯ ಕಾರ್ಯಕರ್ತೆಯರಿಗೂ ಮುಂದೆ ಯುನಿಸೆಫ್ ಸಂಸ್ಥೆ 50 ಮೊಪೆಡ್ ಮಂಜೂರು ಮಾಡಿತು. ಆದರೆ ಅದು ಬಂದದ್ದು ಅವರು ಸೈಕಲ್ ಹಿಡಿದು ರಸ್ತೆಗೆ ಇಳಿದ ಮೇಲೆ. ಸ್ಕೂಟಿಗೂ ಮೊದಲು ಬೇಕಾದದ್ದು ಸಮತೋಲನ, ಧೈರ್ಯ, ‘ನಾನು ಹೋಗಿ ಬರ್ತೀನಿ’ ಅನ್ನುವ ಮಾತು. ಆ ಮಾತನ್ನು ಕಲಿಸುವುದು ಸೈಕಲ್.

ಸಂಘದ ಸಭೆಯಲ್ಲಿ ಚರ್ಚಿಸಿ

1. ಕಳೆದ ತಿಂಗಳು ಕರೆದುಕೊಂಡು ಹೋಗುವವರು ಇಲ್ಲದೆ ನಾವು ಎಲ್ಲೆಲ್ಲಿ ಹೋಗುವುದು ತಪ್ಪಿತು? ಅದರಿಂದ ಏನು ನಷ್ಟ ಆಯಿತು?

2. ನಮ್ಮ ಸಂಘದಲ್ಲಿ ಸೈಕಲ್ ಬರುವವರು ಎಷ್ಟು ಜನ? ಕಲಿಯಲು ಆಸೆ ಇದ್ದೂ ಹೇಳದೆ ಇರುವವರು ಎಷ್ಟು?

3. ನಮ್ಮ ಹೆಣ್ಣುಮಕ್ಕಳು ಶಾಲೆಗೆ ಹೋಗುವ ದಾರಿಯನ್ನು ನಾವು ಕೊನೆಯ ಸಲ ಯಾವಾಗ ನಡೆದು ನೋಡಿದೆವು?

4. ಸೈಕಲ್ ದಿನ, ನಡಿಗೆ ದಿನ ಯಾವಾಗ ಮಾಡೋಣ? ಯಾರು ಯಾವ ಜವಾಬ್ದಾರಿ ಹೊರುತ್ತಾರೆ?

ಚರ್ಚೆ ಮುಗಿದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಮನೆಗೆ ಹೋಗಿ ಹಿತ್ತಲಿನ ಸೈಕಲ್ ಹೊರಗೆ ತೆಗೆಯಿರಿ, ಧೂಳು ಒರೆಸಿ, ಚೈನ್‌ಗೆ ಎರಡು ಹನಿ ಎಣ್ಣೆ ಬಿಟ್ಟು, ಚಕ್ರಕ್ಕೆ ಗಾಳಿ ಹೊಡೆಸಿ. ಮುಂದಿನ ಸಭೆಗೆ ಅದನ್ನು ದೂಡಿಕೊಂಡಾದರೂ ಬನ್ನಿ. ಓಡಿಸುವುದನ್ನು ಒಟ್ಟಿಗೆ ಕಲಿಯೋಣ.